ಸ್ಟಾರ್ ಕೊಟ್ಟು ಸರ್ಚ್ ಎಂಜಿನ್ ಕಟ್ಟಬಹುದಾ?

ಮೊನ್ನೆ ನಮ್ಮ ವಾಷಿಂಗ್ ಮಷೀನ್ ನಡುವೆಯೇ ನಿಂತುಹೋಯಿತು. ಪರದೆಯ ಮೇಲೆ ಒಂದು ಅಕ್ಷರ, ಒಂದು ಅಂಕಿ, ಅಷ್ಟೇ. ಅದನ್ನೇ ಟೈಪ್ ಮಾಡಿ ಹುಡುಕಿದೆ. ಮೇಲೆ ಬಂದ ಆರೇಳು ಲಿಂಕ್‌ಗಳು ಒಂದನ್ನು ನೋಡಿ ಇನ್ನೊಂದು ಬರೆದ ಹಾಗಿದ್ದವು. ಈ ಕೋಡ್ ಅಂದರೆ ಏನು, ಯಾಕೆ ಬರುತ್ತದೆ ಎಂದು ಉದ್ದಕ್ಕೆ ಎಳೆದು, ಕೊನೆಗೆ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಎಂದು ಮುಗಿಸಿದ್ದವು. ಉತ್ತರ ಸಿಕ್ಕಿದ್ದು ಎರಡನೇ ಪುಟದ ತಳದಲ್ಲಿ. ಯಾರೋ ರಿಪೇರಿ ಕೆಲಸದವರು ಬರೆದ ನಾಲ್ಕು ಸಾಲು. ಕೆಳಗಿನ ಸಣ್ಣ ಮುಚ್ಚಳ ತೆಗೆಯಿರಿ, ಒಳಗಿನ ಫಿಲ್ಟರ್ ತಿರುಗಿಸಿ ಹೊರಗೆ ಎಳೆಯಿರಿ, ತೊಳೆದು ಹಾಕಿ. ಹಾಗೇ ಮಾಡಿದೆ. ಮಷೀನ್ ಓಡಿತು.

ಆಗ ಮನಸ್ಸಿಗೆ ಬಂದದ್ದು ಒಂದೇ ಮಾತು. ಆ ನಾಲ್ಕು ಸಾಲನ್ನು ಮೇಲಕ್ಕೆ ತಳ್ಳುವ ಬಟನ್ ನನ್ನ ಕೈಯಲ್ಲಿ ಯಾಕಿಲ್ಲ? ನನ್ನಂತೆ ಪರದಾಡಿದ ಪ್ರತಿಯೊಬ್ಬರೂ ಒಂದೊಂದು ಓಟು ಹಾಕಿದ್ದರೆ ಅದು ಇಷ್ಟು ಹೊತ್ತಿಗೆ ಮೊದಲ ಸಾಲಿನಲ್ಲಿ ಇರುತ್ತಿತ್ತು ಅಲ್ವಾ?

ಇದು ನನಗೊಬ್ಬನಿಗೇ ಹೊಳೆದ ವಿಚಾರವಲ್ಲ. ಎಷ್ಟೋ ಸಲ ಇದನ್ನು ಮಾಡಿ ನೋಡಿದ್ದಾರೆ, ಅದೂ ದೊಡ್ಡ ದೊಡ್ಡವರೇ. ವಿಕಿಪೀಡಿಯ ಕಟ್ಟಿದ ಜಿಮ್ಮಿ ವೇಲ್ಸ್ 2008ರ ಜನವರಿಯಲ್ಲಿ ವಿಕಿಯಾ ಸರ್ಚ್ ಶುರು ಮಾಡಿದರು. ಫಲಿತಾಂಶಗಳಿಗೆ ಜನರೇ ಸ್ಟಾರ್ ಕೊಡಬೇಕು, ಬಿಟ್ಟುಹೋದದ್ದನ್ನು ಜನರೇ ಸೇರಿಸಬೇಕು, ಕೆಟ್ಟದ್ದನ್ನು ಜನರೇ ತೆಗೆಯಬೇಕು ಎನ್ನುವ ಲೆಕ್ಕಾಚಾರ. ವಿಶ್ವಕೋಶವನ್ನೇ ಬರೆದ ಜನ ಇದನ್ನು ಮಾಡಲಾರರೇ? ಆದರೆ 2009ರ ಮಾರ್ಚ್‌ನಲ್ಲಿ ಅವರೇ ಅದನ್ನು ಮುಚ್ಚುವುದಾಗಿ ಹೇಳಿದರು. ಆಗ ತಿಂಗಳಿಗೆ ಅಲ್ಲಿಗೆ ಬರುತ್ತಿದ್ದವರು ಸುಮಾರು 10 ಸಾವಿರ ಜನ. ಗೂಗಲ್ ಕೂಡ 2008ರ ನವೆಂಬರ್‌ನಲ್ಲಿ ಸರ್ಚ್‌ವಿಕಿ ಎಂಬುದನ್ನು ತಂದಿತು. ಲಾಗಿನ್ ಆದವರು ಒಂದು ಲಿಂಕನ್ನು ಮೇಲಕ್ಕೆ ಏರಿಸಬಹುದಿತ್ತು, ತೆಗೆದುಹಾಕಬಹುದಿತ್ತು, ಟಿಪ್ಪಣಿ ಬರೆಯಬಹುದಿತ್ತು. ಏರಿಸಿದ್ದು ಇಳಿಸಿದ್ದು ಅವರಿಗೆ ಮಾತ್ರ ಕಾಣುತ್ತಿತ್ತು. 2010ರಲ್ಲಿ ಅದೂ ಹೋಯಿತು. ನಿತ್ಯ ಕೋಟಿಗಟ್ಟಲೆ ಜನ ಬರುವ ಜಾಗದಲ್ಲೇ ಈ ಬಟನ್‌ಗಳು ನಿಲ್ಲಲಿಲ್ಲ. ಹಾಗಾಗಿ ಜನ ಸಾಲದೆ ಸೋತಿತು ಎಂದಷ್ಟೇ ಹೇಳಿದರೆ ಸಾಲದು.

ನನಗೆ ಕಾಣುವ ಕಾರಣ ಬೇರೆ. ಒಂದು ಪುಸ್ತಕಕ್ಕೆ ಅಥವಾ ಕ್ಯಾಮೆರಾಕ್ಕೆ ಸ್ಟಾರ್ ಕೊಡುವುದು ಸುಲಭ. ವಸ್ತು ಒಂದೇ, ಕೊಂಡವರೆಲ್ಲ ಅದನ್ನೇ ಬಳಸುತ್ತಾರೆ. ಹುಡುಕಾಟದಲ್ಲಿ ಹಾಗಲ್ಲ. ಅಲ್ಲಿ ಸ್ಟಾರ್ ಸಿಗಬೇಕಾದದ್ದು ಪುಟಕ್ಕಲ್ಲ, ಪ್ರಶ್ನೆ ಮತ್ತು ಪುಟದ ಜೋಡಿಗೆ. ಹೃದಯದ ಕಾಯಿಲೆಯ ಬಗ್ಗೆ ವೈದ್ಯರಿಗಾಗಿ ಬರೆದ ಲೇಖನ ವೈದ್ಯ ವಿದ್ಯಾರ್ಥಿಗೆ ಐದು ಸ್ಟಾರ್. ಎದೆನೋವು ಬಂದು ಗಾಬರಿಯಲ್ಲಿ ಹುಡುಕುವವರಿಗೆ ಅದೇ ಲೇಖನ ಸೊನ್ನೆ. ಇಬ್ಬರ ಸರಾಸರಿ ತೆಗೆದರೆ ಬರುವ ಎರಡೂವರೆ ಸ್ಟಾರ್ ಇಬ್ಬರಿಗೂ ಸುಳ್ಳೇ. ಜೊತೆಗೆ, ತನಗೆ ಪ್ರತಿದಿನ ಬರುವ ಹುಡುಕಾಟಗಳಲ್ಲಿ ಶೇಕಡಾ 15ರಷ್ಟು ಹಿಂದೆಂದೂ ಯಾರೂ ಕೇಳಿರದವು ಎಂದು ಗೂಗಲ್ ವರ್ಷಗಳಿಂದ ಹೇಳುತ್ತಿದೆ. ಯಾರೂ ಕೇಳಿರದ ಪ್ರಶ್ನೆಗೆ ಸ್ಟಾರ್ ಕೊಟ್ಟವರು ಎಲ್ಲಿಂದ ಬರಬೇಕು?

ಇನ್ನೂ ಒಂದು ತೊಡಕಿದೆ. ನಾನು ಹುಡುಕುವುದೇ ನನಗೆ ಗೊತ್ತಿಲ್ಲದ ಕಾರಣಕ್ಕೆ. ಗೊತ್ತಿಲ್ಲದವನ ಹತ್ತಿರ ಉತ್ತರ ಸರಿಯಿದೆಯಾ ಎಂದು ಕೇಳಿದರೆ ಅವನು ಹೇಳುವುದು ಓದಿದ್ದು ಇಷ್ಟವಾಯಿತಾ ಇಲ್ಲವಾ ಎಂದಷ್ಟೇ. ಫಿಲ್ಟರ್ ವಿಷಯದಲ್ಲಿ ಮಷೀನ್ ಓಡಿತು, ಹಾಗಾಗಿ ನನಗೆ ಸತ್ಯ ತಿಳಿಯಿತು. ಒಂದು ಔಷಧಿ, ಒಂದು ಕಾನೂನು, ಒಂದು ಇತಿಹಾಸದ ಘಟನೆಯ ಬಗ್ಗೆ ಓದಿದಾಗ ಅಂಥ ಪರೀಕ್ಷೆ ಎಲ್ಲಿದೆ? ಚೆನ್ನಾಗಿ ಬರೆದ ಸುಳ್ಳಿಗೆ ನಾವೆಲ್ಲ ಸ್ಟಾರ್ ಕೊಡುತ್ತೇವೆ.

ಇದಕ್ಕೆ ಇತ್ತೀಚಿನ ಒಂದು ಉದಾಹರಣೆ ನನ್ನನ್ನು ತುಂಬಾ ಯೋಚನೆಗೆ ಹಚ್ಚಿದೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ತನ್ನ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿ ಬಿಟ್ಟು, ಕೆಲವೇ ದಿನಗಳಲ್ಲಿ ವಾಪಸ್ ಪಡೆಯಿತು. ಅದು ಎಲ್ಲರನ್ನೂ ಮಿತಿಮೀರಿ ಹೊಗಳುತ್ತಿತ್ತು, ಏನು ಹೇಳಿದರೂ ಹೌದು ಹೌದು ಎನ್ನುತ್ತಿತ್ತು. ಆಮೇಲೆ ಕಂಪನಿಯೇ ಕೊಟ್ಟ ವಿವರಣೆಯಲ್ಲಿ ಒಂದು ಕಾರಣ ಇದು: ಉತ್ತರ ಹಿಡಿಸಿತು, ಹಿಡಿಸಲಿಲ್ಲ ಎಂದು ಜನ ಅದರ ಕೆಳಗೆ ಒತ್ತುವ ಹೆಬ್ಬೆರಳಿನ ಬಟನ್‌ನ ಓಟುಗಳನ್ನು ಆ ಸಲ ತರಬೇತಿಯಲ್ಲಿ ಹೊಸದಾಗಿ ಸೇರಿಸಲಾಗಿತ್ತು. ನಮಗೆ ಹಿತವಾದದ್ದಕ್ಕೆ ನಾವು ಹೆಬ್ಬೆರಳು ಎತ್ತಿದೆವು. ಯಂತ್ರ ಅದನ್ನೇ ಕಲಿತುಕೊಂಡಿತು. ಜನರ ರೇಟಿಂಗ್ ಮೇಲೆಯೇ ನಿಂತ ಸರ್ಚ್ ಎಂಜಿನ್ ಹತ್ತು ವರ್ಷ ಓಡಿದರೆ ಹೇಗಿರುತ್ತದೆ ಎನ್ನುವುದು ಆ ಕೆಲವು ದಿನಗಳಲ್ಲೇ ಕಂಡಿತು ಎಂದು ನನ್ನ ಭಾವನೆ.

ಸ್ಟಾರ್ ಕೊಡುವವರು ಯಾರು ಎನ್ನುವುದನ್ನೂ ನೋಡಬೇಕು. ಉತ್ತರ ಸಿಕ್ಕವನು ಸುಮ್ನೆ ಎದ್ದು ಹೋಗುತ್ತಾನೆ. ನಾನೂ ಹಾಗೇ ಮಾಡಿದೆ. ಫಿಲ್ಟರ್ ತೊಳೆದ ಮೇಲೆ ಆ ಫಲಿತಾಂಶದ ಪುಟಕ್ಕೆ ಮರಳಲೇ ಇಲ್ಲ. ಬಟನ್ ಇದ್ದಿದ್ದರೂ ಒತ್ತುತ್ತಿದ್ದೆನೋ ಇಲ್ಲವೋ, ಪ್ರಾಮಾಣಿಕವಾಗಿ ಹೇಳಲಾರೆ. ಆನ್‌ಲೈನ್ ಗುಂಪುಗಳಲ್ಲಿ ನೂರಕ್ಕೆ 90 ಜನ ಬರೀ ಓದುತ್ತಾರೆ, 9 ಜನ ಆಗಾಗ ಏನಾದರೂ ಮಾಡುತ್ತಾರೆ, ಒಬ್ಬರು ಮಾತ್ರ ಸದಾ ಬರೆಯುತ್ತಾರೆ ಎಂದು ವೆಬ್ ಬಳಕೆಯ ತಜ್ಞ ಯಾಕೊಬ್ ನೀಲ್ಸನ್ 2006ರಲ್ಲಿ ಬರೆದಿದ್ದರು. ಅಂಕಿ ಜಾಗದಿಂದ ಜಾಗಕ್ಕೆ ಬದಲಾಗಬಹುದು, ಚಿತ್ರ ಬದಲಾಗುವುದಿಲ್ಲ. ಆ ಒಬ್ಬರು ಯಾವಾಗಲೂ ಒಳ್ಳೆಯವರೇ ಆಗಿರಬೇಕಿಲ್ಲ. ಮಾರಲು ಸರಕಿರುವವರಿಗೆ, ಹರಡಲು ಸಿದ್ಧಾಂತವಿರುವವರಿಗೆ ಓಟು ಹಾಕುವ ಆಸಕ್ತಿ ನಮ್ಮೆಲ್ಲರಿಗಿಂತ ಜಾಸ್ತಿ.

ಮೋಸ ಮಾಡಲು ಬಹಳ ಓಟುಗಳೂ ಬೇಕಿಲ್ಲ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂದಿತ್ತು. ಲೆವ್ ಮುಚ್ನಿಕ್, ಸಿನಾನ್ ಅರಾಲ್ ಮತ್ತು ಶಾನ್ ಟೇಲರ್ ಮಾಡಿದ್ದು. ಸುದ್ದಿಗಳನ್ನು ಚರ್ಚಿಸುವ ಒಂದು ತಾಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳನ್ನು ತೆಗೆದುಕೊಂಡು, ಕೆಲವಕ್ಕೆ ಸುಮ್ನೆ ಒಂದೇ ಒಂದು ಮೆಚ್ಚುಗೆಯ ಓಟು ಹಾಕಿದರು. ಒಳಗೆ ಏನು ಬರೆದಿದೆ ಎಂದು ನೋಡಿ ಹಾಕಿದ್ದಲ್ಲ. ಹಾಗೆ ಹಾಕಿದವುಗಳ ಕೊನೆಯ ಅಂಕ ಸರಾಸರಿ ಶೇಕಡಾ 25 ಮೇಲೇರಿತು. ಒಂದು ಓಟಿನ ತಳ್ಳು ಅಷ್ಟು ದೂರ ಹೋಗುತ್ತದೆ! ತಮಾಷೆಯೆಂದರೆ ಕೆಳಕ್ಕೆ ತಳ್ಳಿದ ಓಟನ್ನು ಉಳಿದ ಜನ ಸರಿಪಡಿಸಿದರು. ಅನ್ಯಾಯವಾಗಿ ಇಳಿಸಿದ್ದನ್ನು ನಾವು ಎತ್ತುತ್ತೇವೆ, ಅನ್ಯಾಯವಾಗಿ ಏರಿಸಿದ್ದನ್ನು ಮಾತ್ರ ನಂಬಿಬಿಡುತ್ತೇವೆ.

ಹಾಗಾದರೆ ಜನರ ಅಭಿಪ್ರಾಯಕ್ಕೆ ಬೆಲೆಯೇ ಇಲ್ಲವೇ? ಇದೆ. ನಾನು ಇಷ್ಟುದ್ದ ಬರೆಯುತ್ತಿರುವುದೇ ಈ ಮಾತಿಗಾಗಿ. ದೊಡ್ಡ ಸರ್ಚ್ ಎಂಜಿನ್‌ಗಳು ಈಗಾಗಲೇ ಜನರ ರೇಟಿಂಗ್ ಮೇಲೆಯೇ ನಡೆಯುತ್ತಿವೆ. ನಮ್ಮನ್ನು ಕೇಳಿ ತೆಗೆದುಕೊಂಡಿಲ್ಲ, ಅಷ್ಟೇ.

ಶುರುವಿನಿಂದಲೂ ಹಾಗೇ. ಗೂಗಲ್‌ನ ಪೇಜ್‌ರ‍್ಯಾಂಕ್ ಅಂದರೆ ಒಂದು ಪುಟ ಇನ್ನೊಂದಕ್ಕೆ ಕೊಡುವ ಲಿಂಕನ್ನು ಓಟು ಎಂದು ಎಣಿಸುವುದು. ಆಮೇಲೆ ಬಂದದ್ದು ನಮ್ಮ ಕ್ಲಿಕ್. ಯಾವ ಲಿಂಕ್ ಒತ್ತಿದಿರಿ, ಎಷ್ಟು ಹೊತ್ತು ಅಲ್ಲಿದ್ದಿರಿ, ತಕ್ಷಣ ಹಿಂದಕ್ಕೆ ಬಂದಿರಾ, ಕೊನೆಗೆ ಎಲ್ಲಿ ನಿಂತಿರಿ. ಡೈರೆಕ್ಟ್ ಹಿಟ್ ಎಂಬ ಸಣ್ಣ ಕಂಪನಿ 1998ರಲ್ಲೇ ಇದನ್ನು ಮಾಡಿತ್ತು, 2000ದಲ್ಲಿ ಅದನ್ನು ಆಸ್ಕ್ ಜೀವ್ಸ್ ಎಂಬ ಇನ್ನೊಂದು ಸರ್ಚ್ ಕಂಪನಿ ಕೊಂಡಿತು. ಗೂಗಲ್ ಒಳಗೆ ನ್ಯಾವ್‌ಬೂಸ್ಟ್ ಎಂಬ ವ್ಯವಸ್ಥೆ ಇದೆ, ಅದು 13 ತಿಂಗಳ ಕ್ಲಿಕ್‌ಗಳನ್ನು ಇಟ್ಟುಕೊಂಡು ಫಲಿತಾಂಶಗಳನ್ನು ಜೋಡಿಸಲು ನೆರವಾಗುತ್ತದೆ ಎನ್ನುವುದು ಅಮೆರಿಕ ಸರ್ಕಾರ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ, 2023ರ ಸಾಕ್ಷ್ಯದಲ್ಲಿ ಹೊರಬಂತು. ಅಂದರೆ ನಾನು ಎರಡನೇ ಪುಟದ ತಳಕ್ಕೆ ಹೋಗಿ, ಅಲ್ಲಿ ಒತ್ತಿ, ವಾಪಸ್ ಬಾರದೇ ಇದ್ದದ್ದೇ ಒಂದು ಓಟು. ಸ್ಟಾರ್‌ಗಿಂತ ಪ್ರಾಮಾಣಿಕವಾದ ಓಟು, ಏಕೆಂದರೆ ಅದನ್ನು ಹಾಕುತ್ತಿದ್ದೇನೆ ಎಂದು ನನಗೆ ಗೊತ್ತೇ ಇರಲಿಲ್ಲ.

ಇದಕ್ಕೂ ಮಿತಿಯಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾರ್ಸ್ಟನ್ ಯೋಆಕಿಮ್ಸ್ ಮತ್ತು ಅವರ ಜೊತೆಗಾರರು ಜನರ ಕಣ್ಣಿನ ಚಲನೆ ನೋಡಿ ಅಳೆದಿದ್ದರು, 2005ರಲ್ಲಿ. ಮೊದಲ ಎರಡು ಫಲಿತಾಂಶಗಳನ್ನು ಅದಲು ಬದಲು ಮಾಡಿ ಇಟ್ಟರೂ ಜನ ಮೇಲಿರುವುದನ್ನೇ ಹೆಚ್ಚು ಒತ್ತಿದರು. ಮೇಲಿರುವುದಕ್ಕೆ ಕ್ಲಿಕ್ ಬರುತ್ತದೆ, ಕ್ಲಿಕ್ ಬಂದದ್ದು ಮೇಲೆಯೇ ಉಳಿಯುತ್ತದೆ. ಇದನ್ನು ತಿದ್ದುವ ಲೆಕ್ಕಗಳು ಇವೆ. ಆದರೆ ಆ ಲೆಕ್ಕಗಳಿಗೂ ರಾಶಿ ರಾಶಿ ಕ್ಲಿಕ್ ಬೇಕು.

ಹೊಸಬರು ಸೋಲುವುದು ಇಲ್ಲೇ. ಅದೇ ಮೊಕದ್ದಮೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಒಂದು ಹೋಲಿಕೆ ಇದೆ. ಗೂಗಲ್‌ಗೆ 13 ತಿಂಗಳಲ್ಲಿ ಸಿಗುವಷ್ಟು ಬಳಕೆದಾರರ ಮಾಹಿತಿ ಬಿಂಗ್‌ಗೆ ಸಿಗಲು 17 ವರ್ಷಕ್ಕೂ ಹೆಚ್ಚು ಬೇಕು. ಬಿಂಗ್ ಅಂದರೆ ಮೈಕ್ರೋಸಾಫ್ಟ್, ಹಣವಿಲ್ಲದ ಬಡಪಾಯಿ ಅಲ್ಲ. ಅವರ ಗತಿಯೇ ಹೀಗಾದರೆ ನಾಲ್ಕು ಜನ ಸೇರಿ ಶುರು ಮಾಡಿದ ಸ್ಟಾರ್ ಎಂಜಿನ್ ಎಲ್ಲಿಗೆ ಮುಟ್ಟೀತು? ಅದೂ ಅಲ್ಲದೆ ಫೋನ್ ಮತ್ತು ಬ್ರೌಸರ್‌ಗಳಲ್ಲಿ ಮೊದಲೇ ಕೂರಿಸಿದ ಎಂಜಿನ್ ಆಗಿರಲು ಗೂಗಲ್ 2021ರಲ್ಲಿ 26.3 ಬಿಲಿಯನ್ ಡಾಲರ್ ಖರ್ಚು ಮಾಡಿತ್ತು. ಜನ ಆಯ್ಕೆ ಮಾಡುವ ಮೊದಲೇ ಆಯ್ಕೆ ಮುಗಿದಿರುತ್ತದೆ.

ಆದ್ದರಿಂದ ಎಲ್ಲರಿಗೂ ಒಂದೇ ಪಟ್ಟಿ, ಅದಕ್ಕೆ ಎಲ್ಲರ ಸ್ಟಾರ್, ಆ ಬಲದಿಂದ ಹಳಬರ ಎದುರು ನಿಲ್ಲುವುದು ಆಗದ ಕೆಲಸ ಎಂದೇ ನನ್ನ ನಂಬಿಕೆ. ನೋವಿನಿಂದಲೇ ಹೇಳುತ್ತಿದ್ದೇನೆ, ಏಕೆಂದರೆ ವಿಕಿಯಾ ಸರ್ಚ್ ಗೆಲ್ಲಲಿ ಎಂದು ಮನಸಾರೆ ಬಯಸಿದವರಲ್ಲಿ ನಾನೂ ಒಬ್ಬ.

ಆದರೆ ಅದೇ ಆಸೆಯ ಸಣ್ಣ ರೂಪ ಒಂದು ಬದುಕಿದೆ. ಕಾಗಿ ಎಂಬ ಸರ್ಚ್ ಎಂಜಿನ್ ಇದೆ. ಚಂದಾ ಕೊಟ್ಟು ಬಳಸಬೇಕು, ಜಾಹೀರಾತು ಇಲ್ಲ. ಅಲ್ಲಿ ಒಂದು ತಾಣವನ್ನು ನೀವು ಮೇಲೇರಿಸಬಹುದು, ಇಳಿಸಬಹುದು, ಪೂರ್ತಿ ತಡೆಯಬಹುದು. ಅದರ ಪರಿಣಾಮ ನಿಮ್ಮ ಫಲಿತಾಂಶಗಳ ಮೇಲೆ ಮಾತ್ರ. ಸರ್ಚ್‌ವಿಕಿಯಲ್ಲೂ ಹೀಗೇ ಇತ್ತಲ್ಲ ಎನ್ನಬಹುದು. ಒಂದು ವ್ಯತ್ಯಾಸವಿದೆ. ಅಲ್ಲಿ ಒಂದು ಹುಡುಕಾಟದ ಒಂದು ಲಿಂಕನ್ನು ಸರಿಪಡಿಸುತ್ತಿದ್ದೆವು, ಮತ್ತೆ ಅದೇ ಪದ ಹುಡುಕಿದರಷ್ಟೇ ಅದರ ಫಲ. ಇಲ್ಲಿ ತಾಣಕ್ಕೇ ಅಂಕ ಕೊಡುತ್ತೇವೆ, ಅದು ಮುಂದಿನ ಎಲ್ಲ ಹುಡುಕಾಟಕ್ಕೂ ಬರುತ್ತದೆ. ಸ್ಪ್ಯಾಮ್ ಮಾಡುವವನಿಗೂ ಇಲ್ಲಿ ಲಾಭವಿಲ್ಲ, ಅವನ ಸಾವಿರ ಓಟು ನನ್ನ ಪರದೆಗೆ ತಟ್ಟುವುದೇ ಇಲ್ಲ. ಜನ ಯಾವ ತಾಣಗಳನ್ನು ಹೆಚ್ಚು ತಡೆದಿದ್ದಾರೆ, ಯಾವುದನ್ನು ಏರಿಸಿದ್ದಾರೆ ಎನ್ನುವ ಪಟ್ಟಿಯನ್ನೂ ಅವರು ಎಲ್ಲರಿಗೂ ತೆರೆದಿಟ್ಟಿದ್ದಾರೆ. ತಡೆದವುಗಳಲ್ಲಿ ಮುಂದಿರುವುದು ಪಿಂಟರೆಸ್ಟ್, ಮೆಚ್ಚಿದವುಗಳಲ್ಲಿ ವಿಕಿಪೀಡಿಯ. ಬ್ರೇವ್ ಸರ್ಚ್ 2022ರಲ್ಲಿ ಗಾಗಲ್ಸ್ ಎಂಬುದನ್ನು ತಂದಿತು. ಯಾವ ತಾಣ ಮೇಲೆ ಬರಬೇಕು, ಯಾವುದು ಬೇಡ ಎನ್ನುವ ನಿಯಮಗಳನ್ನು ಯಾರು ಬೇಕಾದರೂ ಬರೆದು ಹಂಚಬಹುದು. ಬೇಕೆನಿಸಿದವರು ಅದನ್ನು ಹಾಕಿಕೊಳ್ಳಬಹುದು. ನನಗೆ ಇದು ಬಹಳ ಹಿಡಿಸಿತು. ನಂಬಿಕೆಯಿರುವ ಒಬ್ಬ ರಿಪೇರಿ ಮೆಕ್ಯಾನಿಕ್ಕಿನ ಕನ್ನಡಕ ಹಾಕಿಕೊಂಡು ಹುಡುಕಿದ ಹಾಗೆ. ಲೋಕದ ಎಲ್ಲರ ಸರಾಸರಿಗಿಂತ ಅವನ ಒಂದು ಮಾತು ನನಗೆ ಸಾಕು.

ಇವು ಗೂಗಲ್‌ನ ಜಾಗಕ್ಕೆ ಬರುತ್ತವಾ? ಇಲ್ಲ. ಕಾಗಿ ಕೂಡ ತನ್ನ ಫಲಿತಾಂಶಗಳಲ್ಲಿ ಒಂದು ಭಾಗವನ್ನು ಬೇರೆ ಎಂಜಿನ್‌ಗಳಿಂದ ತರುತ್ತದೆ. ಇಡೀ ವೆಬ್ಬನ್ನು ಜಾಲಾಡಿ ಪಟ್ಟಿ ಮಾಡುವುದು ಬೆಟ್ಟದಷ್ಟು ಕೆಲಸ.

ಅದಕ್ಕೇ ನನ್ನ ಕಣ್ಣು ಈಗ ಸ್ಟಾರ್‌ಗಳ ಮೇಲಿಲ್ಲ, ಕ್ಲಿಕ್‌ಗಳ ಮೇಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಮೆಹ್ತಾ ಅವರು ಕೊಟ್ಟ ಪರಿಹಾರದ ಆದೇಶದಲ್ಲಿ, ಹುಡುಕಾಟದ ಸೂಚಿಯ (ವೆಬ್ ಜಾಲಾಡಿ ಮಾಡಿಟ್ಟ ಪುಟಗಳ ಪಟ್ಟಿಯ) ಮತ್ತು ಬಳಕೆದಾರರ ಕ್ಲಿಕ್‌ಗಳ ಒಂದಷ್ಟು ಮಾಹಿತಿಯನ್ನು ಅರ್ಹ ಪ್ರತಿಸ್ಪರ್ಧಿಗಳಿಗೆ ಗೂಗಲ್ ಕೊಡಬೇಕು ಎಂದಿದೆ. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಲ್ಲೂ ಇಂಥದೇ ಒಂದು ನಿಯಮವಿದೆ, ಯಾರ ಹುಡುಕಾಟ ಎಂದು ಗುರುತು ಸಿಗದಂತೆ ಮಾಡಿ ಕೊಡಬೇಕು ಎಂಬ ಷರತ್ತಿನೊಂದಿಗೆ. ಆ ಷರತ್ತು ಗಟ್ಟಿಯಾಗಿಯೇ ಇರಬೇಕು. ಜನ ವೈದ್ಯರಿಗೂ ಹೇಳದ ಮಾತನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಬರೆಯುತ್ತಾರೆ. ಅದನ್ನು ಕಾಪಾಡಿಯೂ ಹಂಚಲು ಸಾಧ್ಯವಾದರೆ, ಇಷ್ಟು ವರ್ಷ ನಾವೆಲ್ಲ ಗೊತ್ತಿಲ್ಲದೆ ಹಾಕಿದ ಓಟುಗಳು ಮೊದಲ ಸಲ ಬೇರೆಯವರ ಕೈಗೂ ಸಿಗುತ್ತವೆ. ಆಗ ಹೊಸದೊಂದು ಎಂಜಿನ್ ಖಾಲಿ ಕೈಯಲ್ಲಿ ಶುರು ಮಾಡಬೇಕಾಗಿಲ್ಲ. ಅದರ ಮೇಲೆ ನಮ್ಮದೇ ಏರಿಸು, ಇಳಿಸು, ತಡೆ ಎಂಬ ಬಟನ್‌ಗಳು ಕೂತರೆ, ಫಿಲ್ಟರ್ ಬಗ್ಗೆ ಬರೆದ ಆ ನಾಲ್ಕು ಸಾಲು ಮುಂದಿನವರಿಗೆ ಮೊದಲ ಪುಟದಲ್ಲೇ ಸಿಗಬಹುದು.

ನಿಮ್ಮಲ್ಲಿ ಯಾರಾದರೂ ಇಂಥ ಎಂಜಿನ್‌ಗಳನ್ನು ಆರು ತಿಂಗಳಾದರೂ ಬಿಡದೆ ಬಳಸಿದ್ದರೆ ದಯವಿಟ್ಟು ಕಾಮೆಂಟ್‌ನಲ್ಲಿ ಬರೆಯಿರಿ. ಮೊದಲ ವಾರದ ಖುಷಿ ಬೇಡ. ಯಾವ ತಾಣಗಳನ್ನು ತಡೆದಿರಿ, ಆಮೇಲೆ ಯಾವುದಕ್ಕೆ ತಡೆ ತೆಗೆದಿರಿ, ಅದನ್ನು ತಿಳಿಯಬೇಕು ಎಂಬ ಆಸೆ ನನಗೆ.