‘ನಡೀತಿದೆ’ ಕಾಲಂ ಒಡೆಯಿರಿ

ಆನ್‌ಲೈನ್ ಫಾರ್ಮ್‌ಗೆ ಬಂದ ಒಂದೊಂದು ಉತ್ತರವನ್ನೂ ಒಂದೊಂದು ಕಾರ್ಡ್ ಮಾಡಿ, ಕೆಲಸ ಮುಂದುವರಿದಂತೆ ಕಾಲಂನಿಂದ ಕಾಲಂಗೆ ಎಳೆಯೋ ಬೋರ್ಡ್ ಬಗ್ಗೆ ನಿಮ್ಮ ಲೇಖನದಲ್ಲಿ ‘ಹೊಸದು, ನಡೀತಿದೆ, ಮುಗೀತು ಅಂತ ಮೂರು ಕಾಲಂ ಇದ್ರೆ ಫಾರ್ಮ್‌ಗೆ ಬಂದ ಉತ್ತರಗಳನ್ನೆಲ್ಲ ಸಲೀಸಾಗಿ ನಿಭಾಯಿಸಬಹುದು’ ಅಂತ ಬರೆದಿದ್ದೀರಿ. ಒಪ್ಪೋಕಾಗಲ್ಲ ಸರ್. ಮೈಸೂರಿನ ಒಂದು ಹೋಂಸ್ಟೇನೇ ತಗೊಳ್ಳಿ. ದಸರಾ ಹತ್ತಿರ ಬಂದಾಗ ಕಾರ್ಡೆಲ್ಲ ‘ನಡೀತಿದೆ’ಯಲ್ಲೇ ಗುಡ್ಡೆ ಬೀಳುತ್ತೆ. ಯಾರಿಗೆ ನಾವು ಫೋನ್ ಮಾಡಬೇಕು, ಯಾರ ಅಡ್ವಾನ್ಸ್‌ಗೆ ಕಾಯ್ತಿದ್ದೀವಿ ಅನ್ನೋದೇ ಗೊತ್ತಾಗಲ್ಲ. ಆ ಕಾಲಂ ಒಡೆದು ‘ನಾವು ಉತ್ತರಿಸಬೇಕು’, ‘ಅವರಿಂದ ಬರಬೇಕು’ ಅಂತ ಎರಡು ಮಾಡಿ.

ಇದಕ್ಕಿಂತ ದೊಡ್ಡ ತೊಂದರೆಯನ್ನ ಲೇಖನ ಮುಟ್ಟೇ ಇಲ್ಲ. ಏರ್‌ಟೇಬಲ್, ನೋಷನ್‌ನಂಥ ಆಪ್‌ಗಳಲ್ಲಿ ಪ್ರತಿ ಕಾರ್ಡೂ ಒಂದು ಟೇಬಲ್‌ನ ಸಾಲು; ಕಾರ್ಡ್ ಎಳೆದು ಬಿಟ್ಟಾಗ ಬದಲಾಗೋದು ಆ ಸಾಲಿನ ‘ಸ್ಟೇಟಸ್’ ಫೀಲ್ಡ್ (ಕೆಲಸ ಯಾವ ಹಂತದಲ್ಲಿದೆ ಅನ್ನೋ ಖಾನೆ) ಅಷ್ಟೇ. ಫಾರ್ಮ್ ತುಂಬೋರಿಗೆ ಆ ಪ್ರಶ್ನೆ ಇರೋದಿಲ್ಲವಲ್ಲ, ಹಾಗಾಗಿ ಆ ಫೀಲ್ಡ್‌ಗೆ ಡಿಫಾಲ್ಟ್ (ತಾನಾಗೇ ತುಂಬಿಕೊಳ್ಳೋ ಉತ್ತರ) ಇಟ್ಟಿರದಿದ್ರೆ, ಸ್ಟೇಟಸ್ ಖಾಲಿಯಿರೋ ಹೊಸ ಕಾರ್ಡು ‘ಹೊಸದು’ ಕಾಲಂಗೆ ಬರದೆ, ಸ್ಟೇಟಸ್ ಇಲ್ಲದವುಗಳ ಬೇರೆ ಕಾಲಂಗೆ ಹೋಗಿ ಕೂರುತ್ತೆ. ಅದನ್ನ ಮಡಚಿಟ್ಟಿದ್ರಂತೂ ವಿಚಾರಿಸಿದವರಿಗೆ ಉತ್ತರವೇ ಹೋಗಲ್ಲ. ಫೀಲ್ಡ್‌ನ ಡಿಫಾಲ್ಟನ್ನ ‘ಹೊಸದು’ ಅಂತ ಇಟ್ಟುಬಿಡಿ, ಎರಡೇ ನಿಮಿಷದ ಕೆಲಸ.

ಹಾಗೇ ಅತಿಥಿಗಳು ಬರೋ ದಿನಾಂಕವನ್ನ ಡೇಟ್ ಫೀಲ್ಡಿನಲ್ಲೇ ಕೇಳಿ. ‘ಜಂಬೂಸವಾರಿ ಹಿಂದಿನ ದಿನ’ ಅಂತ ಟೈಪ್ ಮಾಡೋಕೆ ಬಿಟ್ಟರೆ ಕಾರ್ಡುಗಳು ದಿನಾಂಕದ ಪ್ರಕಾರ ಸಾಲಾಗಿ ನಿಲ್ಲಲ್ಲ.