ಸ್ಪಷ್ಟನೆ: ಕನೆಕ್ಷನ್ ರೀಸೆಟ್‌ಗೆ ಒಂದೇ ಹ್ಯಾಂಡ್ಲರ್ ಸಾಲದು
‘ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ತಂತ್ರಾಂಶ) ಸರ್ವರ್‌ನಲ್ಲಿ ಕನೆಕ್ಷನ್ ರೀಸೆಟ್ ಎರರ್ ಬಂದರೆ ಭಯ ಬೇಡ, ಅನ್‌ಕಾಟ್ ಎಕ್ಸೆಪ್ಷನ್ ಹ್ಯಾಂಡ್ಲರ್ ಒಂದನ್ನು ಹಾಕಿ ಸುಮ್ನಿರಿ’ ಎಂಬ ಸಲಹೆ ಹರಿದಾಡುತ್ತಿದೆ. ಮೊದಲರ್ಧ ಸರಿ. ಕನೆಕ್ಷನ್ ರೀಸೆಟ್ ಅಂದರೆ ಎದುರಿನ ಕಡೆಯಿಂದ ಸಂಪರ್ಕ ಥಟ್ಟನೆ ಕಡಿದುಹೋಗುವುದು; ಬಳಕೆದಾರರು ಟ್ಯಾಬ್ ಮುಚ್ಚಿದರೂ ಈ ಎರರ್ ಬರಬಹುದು.

ಉಳಿದದ್ದು ಅಪಾಯ. ಬೇರೆಲ್ಲೂ ಹಿಡಿಯದ ಎರರ್‌ಗಳನ್ನೆಲ್ಲ ಕೊನೆಗೆ ಹಿಡಿಯುವ ಆ ಹ್ಯಾಂಡ್ಲರ್ ನಿಮ್ಮ ಕೋಡ್‌ನ ನಿಜವಾದ ಬಗ್‌ಗಳನ್ನೂ ನುಂಗಿಬಿಡುತ್ತದೆ. ಆಮೇಲೆ ಪ್ರೋಗ್ರಾಂ ಯಾವ ಸ್ಥಿತಿಯಲ್ಲಿದೆ ಅಂತ ಹೇಳಲಾಗದು. ಹಾಗೇ ಮುಂದುವರಿಸುವುದು ಸುರಕ್ಷಿತವಲ್ಲ ಎಂದು ನೋಡ್‌ನ ಅಧಿಕೃತ ಕೈಪಿಡಿಯೇ ಎಚ್ಚರಿಸುತ್ತದೆ.

ನೀವು ನೇರವಾಗಿ ಬಳಸುವ ಪ್ರತಿ ಸಾಕೆಟ್‌ಗೂ (ನೆಟ್‌ವರ್ಕ್ ಸಂಪರ್ಕದ ತುದಿ) ‘ಎರರ್’ ಈವೆಂಟ್ ಹಿಡಿಯುವ ಕೋಡ್ ದಯವಿಟ್ಟು ಬರೆಯಿರಿ. ಅದಿಲ್ಲದಿದ್ದರೆ ಒಂದೇ ರೀಸೆಟ್‌ಗೆ ಇಡೀ ಪ್ರೋಸೆಸ್ ಬಿದ್ದುಹೋಗಬಹುದು. ಇನ್ನು, ಬೇರೆ ಸರ್ವರ್‌ಗೆ ಕಳಿಸಿದ ರಿಕ್ವೆಸ್ಟ್ ರೀಸೆಟ್ ಆದರೆ ಕಣ್ಣುಮುಚ್ಚಿ ಮತ್ತೆ ಕಳಿಸಬೇಡಿ. ಅದು ಹಣ ಪಾವತಿಯ ರಿಕ್ವೆಸ್ಟ್ ಆಗಿದ್ದು, ಮೊದಲನೆಯದು ಅಲ್ಲಿಗೆ ತಲುಪಿದ್ದರೆ ಪಾವತಿ ಎರಡು ಸಲ ಆಗಿಬಿಡುತ್ತದೆ, ಅಲ್ವಾ?