ಗಾಳದವರ ಲೆಕ್ಕಕ್ಕೆ ವಾಟ್ಸ್ಆ್ಯಪ್ ಫಾರ್ಮ್ ಸಾಲದು

ದಾವಣಗೆರೆ ಸುತ್ತ ಗಾಳ ಹಾಕಿ ಮೀನು ಹಿಡಿಯುವವರ ಲೆಕ್ಕವನ್ನು ವಾಟ್ಸ್ಆ್ಯಪ್ ಫಾರ್ಮ್‌ನಲ್ಲೇ ತೆಗೆಯಬಹುದು ಎನ್ನುವವರಿಗೆ ಈ ಮಾತು. ನಾನಿರುವ ಅಮೆರಿಕದ ಪೂರ್ವ ಕರಾವಳಿಯಲ್ಲಿ ಹವ್ಯಾಸಕ್ಕೆ ಮೀನು ಹಿಡಿಯುವವರ ಲೆಕ್ಕ ಅಂಚೆಯಿಂದ ಶುರುವಾಗುತ್ತದೆ. ಮನೆ ವಿಳಾಸಗಳನ್ನು ಚೀಟಿ ಎತ್ತಿದಂತೆ ಆರಿಸಿ, ಮೀನು ಹಿಡಿಯುವ ಲೈಸೆನ್ಸ್ ಪಡೆದವರ ಪಟ್ಟಿಯೊಂದಿಗೆ ತಾಳೆ ನೋಡಿ ಪ್ರಶ್ನೆಪತ್ರ ಕಳಿಸುತ್ತಾರೆ. ಲಕೋಟೆಯಲ್ಲಿ ಎರಡು ಡಾಲರ್ ನಗದು ಮೊದಲೇ ಇರುತ್ತದೆ. ಉತ್ತರ ಬಂದಮೇಲೆ ಕೊಡುವ ದುಡ್ಡಿಗಿಂತ ಮುಂಚೆಯೇ ಕೈಗಿಟ್ಟ ಸಣ್ಣ ಮೊತ್ತಕ್ಕೆ ಹೆಚ್ಚು ಜನ ಉತ್ತರಿಸುತ್ತಾರೆ.

ದಾವಣಗೆರೆಯಲ್ಲಿ ಇದು ನಡೆಯುವುದಿಲ್ಲ. ಸೂಳೆಕೆರೆ ಏರಿಯ ಮೇಲೋ ಹರಿಹರದ ಹೊಳೆದಂಡೆಯಲ್ಲೋ ಎರೆಹುಳು ಸಿಕ್ಕಿಸಿ ಕೂತವರ ಪಟ್ಟಿ ಎಲ್ಲಿಂದ ತರೋಣ? ವಾಟ್ಸ್ಆ್ಯಪ್ ಗುಂಪಿಗೆ ಫಾರ್ಮ್ ಹಾಕಿದರೆ ಗಾಳದ ಹುಚ್ಚು ಹತ್ತಿದವರೇ ತುಂಬುತ್ತಾರೆ. ಯಾವಾಗಲೋ ಒಮ್ಮೆ ಮಗನನ್ನು ಕರಕೊಂಡು ಬರುವವನು ಲೆಕ್ಕಕ್ಕೇ ಸಿಗುವುದಿಲ್ಲ.

ದಂಡೆಗೇ ಹೋಗಬೇಕು. ಅಮೆರಿಕದಲ್ಲೂ ಅಂಚೆಯಲ್ಲಿ ಕೇಳುವುದು ಎಷ್ಟು ಸಲ ಹೋದಿರಿ ಎಂದು. ಹಿಡಿದ ಮೀನಿನ ಲೆಕ್ಕ ನೀರಿನ ಬಳಿಯೇ ಆಗುತ್ತದೆ. ಜಾಗ, ದಿನ, ಹೊತ್ತು ಮೂರನ್ನೂ ಚೀಟಿ ಎತ್ತಿ ಗೊತ್ತುಮಾಡಿ, ಭಾನುವಾರಕ್ಕೆ ಬೇರೆ, ವಾರದ ದಿನಗಳಿಗೆ ಬೇರೆ. ಚೀಟಿಯಲ್ಲಿ ಬಂದ ದಂಡೆ ಖಾಲಿ ಇದ್ದರೆ ಸೊನ್ನೆ ಬರೆದು ಹೊತ್ತು ಮುಗಿಯುವವರೆಗೆ ಅಲ್ಲೇ ಕೂರಬೇಕು. ಜನ ಇರುವ ಕಡೆ ಎದ್ದು ಹೋದರೆ ಇಡೀ ಲೆಕ್ಕ ಕೆಟ್ಟಿತು.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ತಿಂಗಳಿಗೆ 20 ದಿನ ಬರುವವನು ನಿಮಗೆ ಎದುರಾಗುವ ಸಾಧ್ಯತೆ 2 ದಿನ ಬರುವವನಿಗಿಂತ ಹತ್ತು ಪಟ್ಟು. ಕಳೆದ 30 ದಿನದಲ್ಲಿ ಎಷ್ಟು ದಿನ ಬಂದಿರಿ ಎಂದು ಕೇಳಿಕೊಂಡರೆ ಜನರ ವಯಸ್ಸು, ಕಸುಬು, ಅಭಿಪ್ರಾಯದ ಲೆಕ್ಕದಲ್ಲಿ ಮೊದಲಿನವನಿಗೆ 1/20, ಎರಡನೆಯವನಿಗೆ 1/2 ತೂಕ ಕೊಡಬಹುದು. ಆದರೆ ವರ್ಷದ ಲೆಕ್ಕ ಮೊದಲು ಕೇಳಿ, ತಿಂಗಳಿನದು ಆಮೇಲೆ. ಅಮೆರಿಕದ ಅಂಚೆ ಸಮೀಕ್ಷೆಯಲ್ಲಿ ಹೀಗೆ ಕ್ರಮ ಬದಲಿಸಿ ನೋಡಿದಾಗ ಎಷ್ಟು ಸಲ ಮೀನಿಗೆ ಹೋದರೆಂಬ ಅಂದಾಜು ಸಾಮಾನ್ಯವಾಗಿ ಶೇ. 30ರಿಂದ 40ರಷ್ಟು ಇಳಿಯಿತು ಎಂದು 2023ರಲ್ಲಿ ಪ್ರಕಟವಾಯಿತು.

ನಮ್ಮ ಕೆರೆಗಳ ಮೀನು ಬಹಳ ಕಡೆ ಸಹಕಾರ ಸಂಘಗಳ ಗುತ್ತಿಗೆಯಲ್ಲಿರುತ್ತದೆ. ಕೈಯಲ್ಲಿ ಹಾಳೆ ಕಂಡರೆ ಗುತ್ತಿಗೆ ಕಡೆಯವರೆಂದು ಚೀಲ ಮುಚ್ಚುತ್ತಾರೆ, ಅದು ಸಹಜ. “ಎಷ್ಟು ಹಿಡಿದ್ರಿ” ಕೊನೆಗಿರಲಿ. “ಎಷ್ಟೊತ್ತಿಗೆ ಬಂದ್ರಿ ಅಣ್ಣಾ, ಗಾಳಕ್ಕೆ ಏನು ಹಾಕೀರಿ?” ಎಂದು ಶುರುಮಾಡಿ. ನಾಲ್ಕು ಗಾಳದ ಕೊಕ್ಕೆಗಳನ್ನು ಮಾತಿಗೆ ಮುಂಚೆಯೇ ಕೈಗಿಡಿ. ಒಲ್ಲೆ ಅಂದವರನ್ನು ಕೈಬಿಡಬೇಡಿ: ಹೊತ್ತು, ಅಂದಾಜು ವಯಸ್ಸು, ನೀರಿಗೆ ಬಿಟ್ಟ ಗಾಳಗಳ ಸಂಖ್ಯೆ ಇಷ್ಟನ್ನಾದರೂ ದೂರದಿಂದಲೇ ನೋಡಿ ಬರೆದುಕೊಳ್ಳಿ.